ಇಟ್ಟದ್ದು ಸಿಗಬೇಕಾದರೆ

ನಮ್ಮೂರಿನ ಹೆಸರನ್ನೇ ತಗೊಳ್ಳಿ. ಮನೆಯಲ್ಲಿ ಕನ್ನಡ ಮಾತಾಡುವ ನಾವು ಹರೂರು ಅಂತೀವಿ. ತಮಿಳಿನಲ್ಲಿ ಬರೆದರೆ ಅದು ‘ಅರೂರ್’. ಇಂಗ್ಲಿಷಿನಲ್ಲಿ ಬರೆದಾಗ ‘ಹ’ಕಾರ ಮತ್ತೆ ಬಂದು ಮುಂದೆ ಕೂರುತ್ತೆ. ಊರು ಒಂದೇ. ಆದರೆ ಮೂರು ಭಾಷೆಯಲ್ಲೂ ಊರುಗಳ ಪಟ್ಟಿಯನ್ನು ಅಕ್ಷರದ ಕ್ರಮದಲ್ಲಿ ಬರೆದು ನೋಡಿ. ತಮಿಳು ಪಟ್ಟಿಯಲ್ಲಿ ನಮ್ಮೂರು ಮೊದಲನೇ ಅಕ್ಷರದ ಕೆಳಗೇ ಸಿಗುತ್ತೆ. ಇಂಗ್ಲಿಷಿನಲ್ಲಿ ಎಂಟನೇ ಅಕ್ಷರದ ಕೆಳಗೆ. ಕನ್ನಡದಲ್ಲಿ ಹೆಚ್ಚುಕಮ್ಮಿ ಕೊನೇ ಪುಟದಲ್ಲಿ. ತಮಿಳು ಪಟ್ಟಿಯಲ್ಲಿ ‘ಹ’ ಅಂತ ಹುಡುಕುವವನಿಗೆ ಹರೂರು ಅನ್ನೋ ಊರೇ ಇಲ್ಲ. ಊರು ಪಟ್ಟಿಯಲ್ಲಿದೆ, ಸಿಗೋದಿಲ್ಲ, ಅಷ್ಟೆ.

ಇರೋದು ಬೇರೆ, ಸಿಗೋದು ಬೇರೆ. ಈ ಎರಡರ ನಡುವೆ ಇರುವ ವಸ್ತುವಿಗೆ ಸೂಚಿ ಅಂತ ಹೆಸರು. ಪುಸ್ತಕದ ಹಿಂದೆ ಇರುವ ಪದಗಳ ಪಟ್ಟಿ ಸೂಚಿ, ಶಾಲೆಯ ಹಾಜರಿ ಪುಸ್ತಕದ ಕ್ರಮವೂ ಒಂದು ಸೂಚಿಯೇ. ಕಂಪ್ಯೂಟರಿನವರು ಡೇಟಾಬೇಸ್ ಅನ್ನೋದರ ಒಳಗೂ ಇದೇ ಇದೆ. ನಮ್ಮ ಸೀಮೆಯಲ್ಲಿ ಈ ಹುಡುಕುವ ಕೆಲಸ ಹೇಗೆಲ್ಲ ನಡೆದುಬಂತು, ನಮ್ಮ ಹೊಲಮನೆಗೂ ಅದಕ್ಕೂ ಏನು ಸಂಬಂಧ ಅಂತ ಬರೆಯೋದು ಈ ಲೇಖನದ ಉದ್ದೇಶ.

ಮೊದಲು ನೆನಪಿನ ಕಾಲದ ಮಾತು. ಕಾಗದ ಕಡಿಮೆ ಇದ್ದಾಗ ಲೆಕ್ಕವೆಲ್ಲ ತಲೆಯಲ್ಲೇ ಇರಬೇಕಿತ್ತು. ಆದರೆ ತಲೆಯಲ್ಲಿ ಸುಮ್ಮನೆ ತುಂಬಿಕೊಂಡರೆ ಬೇಕಾದಾಗ ಹೊರಗೆ ಬರಲ್ಲ. ಅದಕ್ಕೆ ಹಿಡಿದೆಳೆಯೋ ಒಂದು ದಾರ ಬೇಕು. ಉತ್ತರ ಕರ್ನಾಟಕದ ಹೆಳವರು ಇದನ್ನೇ ಕಸುಬು ಮಾಡಿಕೊಂಡವರು. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಒಂದೊಂದು ಮನೆತನದ ಮುಂದೆ ನಿಂತು ಆ ಮನೆಯ ವಂಶಾವಳಿಯನ್ನು ಒಪ್ಪಿಸುತ್ತಿದ್ದರು. ಮನೆತನದ ಬೆಡಗು ಯಾವುದು, ಮೂಲ ಊರು ಯಾವುದು ಅಂತ ಗೊತ್ತಾದರೆ ಸಾಕು, ಆ ದಾರ ಹಿಡಿದು ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು ಅಂತ ಸಾಲಾಗಿ ಬಿಚ್ಚುತ್ತಿದ್ದರು. ವಚನಗಳ ಅಂಕಿತವೂ ಇಂಥದ್ದೇ ಒಂದು ದಾರ. ‘ಕೂಡಲಸಂಗಮದೇವ’ ಅಂತ ಕಿವಿಗೆ ಬಿದ್ದರೆ ಬಸವಣ್ಣನವರದು, ‘ಗುಹೇಶ್ವರ’ ಅಂದರೆ ಅಲ್ಲಮನದು. ನೂರಾರು ವಚನ ಬಾಯಲ್ಲೇ ಇಟ್ಟುಕೊಂಡ ಜನಕ್ಕೆ ಯಾರದು ಅಂತ ಬೇರೆ ಪಟ್ಟಿ ಬೇಕಾಗಲಿಲ್ಲ. ಗುರುತು ವಚನದ ಒಳಗೇ ಹೊಲಿದಿತ್ತು.

ನಮ್ಮ ಕಡೆ ಈ ಕೆಲಸ ಮಾಡಿದವನು ಊರಿನ ಶ್ಯಾನುಭೋಗ. ತಮಿಳಿನವರು ಕರ್ಣಂ ಅಂತಾರೆ, ಕಣಕ್ಕುಪಿಳ್ಳೈ ಅಂತಲೂ ಹೇಳ್ತಾರೆ. ಲೆಕ್ಕದ ಪುಸ್ತಕ ಅವನ ಮನೆಯಲ್ಲೇ ಇರೋದು. ಅದಕ್ಕಿಂತ ದೊಡ್ಡ ಪುಸ್ತಕ ಅವನ ತಲೆ. ‘ಹುಣಸೇಮರದ ಹೊಲ’ ಅಂದರೂ ತಿಳೀತಿತ್ತು, ‘ದೊಡ್ಡಬಾವಿ ಮಗ್ಗುಲು’ ಅಂದರೂ ತಿಳೀತಿತ್ತು, ‘ಆ ಮನೆ ಎರಡನೇ ಸೊಸೆ ತವರಿಂದ ಬಂದ ಜಮೀನು’ ಅಂದರೂ ತಿಳೀತಿತ್ತು. ಹೆಸರಿನಿಂದ, ಜಾಗದಿಂದ, ನೆಂಟಸ್ತನದಿಂದ, ಜಗಳದಿಂದ, ಯಾವ ಕಡೆಯಿಂದ ಕೇಳಿದರೂ ಒಂದೇ ಹೊಲಕ್ಕೆ ಬಂದು ನಿಲ್ಲುತ್ತಿದ್ದ. ಒಂದೇ ವಿಷಯಕ್ಕೆ ಹತ್ತು ಬಾಗಿಲು. ನೆನಪಿನ ಹೆಚ್ಚುಗಾರಿಕೆ ಇದು. ಕೆಡುಕೂ ಇದೇ. ಹತ್ತು ಬಾಗಿಲಿನ ಬೀಗದ ಕೈಯೂ ಒಬ್ಬನ ಸೊಂಟದಲ್ಲೇ. ಅವನಿಗೆ ಬೇಡವಾದವರಿಗೆ ಯಾವ ಬಾಗಿಲೂ ತೆಗೀತಿರಲಿಲ್ಲ.

ಈ ಬೀಗದ ಕೈಯನ್ನು ಸರ್ಕಾರ ತನ್ನ ಕೈಗೆ ತಗೊಳ್ಳೋಕೆ ಹೊರಟ ಕತೆ ನಮ್ಮ ಸೀಮೆಯಲ್ಲೇ ಶುರುವಾಯ್ತು ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಸುಲ್ತಾನ ಬಾರಾಮಹಲ್ ಮತ್ತು ಸೇಲಂ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟ. ಅಲ್ಲಿಯವರೆಗೆ ಇದು ಮೈಸೂರಿನ ನಾಡು. ಕುಂಪಣಿಯವರು ಅಲೆಕ್ಸಾಂಡರ್ ರೀಡ್ ಅನ್ನೋ ಸೈನ್ಯದ ಅಧಿಕಾರಿಯನ್ನು ಇಲ್ಲಿಗೆ ಕಲೆಕ್ಟರಾಗಿ ಹಾಕಿದರು. ಅವನ ಕೈಕೆಳಗಿನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೊ. ಮುಂದೆ ಮದ್ರಾಸಿನ ಗವರ್ನರ್ ಆದವನು ಇವನೇ. ಮನ್ರೊ 1792ರಿಂದ 1799ರವರೆಗೆ ಈ ಸೀಮೆಯಲ್ಲಿದ್ದ, ಧರ್ಮಪುರಿಯಲ್ಲಿ ಮನೆ ಮಾಡಿಕೊಂಡಿದ್ದ.

ಇವರು ಹೊಲಗಳನ್ನು ಒಂದೊಂದಾಗಿ ಅಳೆಸಿ ಕಂದಾಯ ಕಟ್ಟಿದರು. ಜಮೀನ್ದಾರನೊಬ್ಬನ ಹೆಸರು ಬರೆದುಕೊಂಡು ಊರೆಲ್ಲದರ ಕಂದಾಯ ಅವನಿಂದ ವಸೂಲಿ ಮಾಡುವ ಬದಲು ರೈತನ ಜೊತೆ ನೇರ ಲೆಕ್ಕ. ಪಾಠದ ಪುಸ್ತಕದಲ್ಲಿ ರಯತವಾರಿ ಅಂತ ಓದ್ತೀವಲ್ಲ, ಅದರ ಬೇರು ಇಲ್ಲಿದೆ. ನಾನು ಇದನ್ನು ಕಂದಾಯದ ಕತೆಯಾಗಿ ಮಾತ್ರ ನೋಡಲ್ಲ, ಸೂಚಿಯ ಕತೆಯಾಗಿಯೂ ನೋಡ್ತೀನಿ. ಜಮೀನ್ದಾರನ ಪದ್ಧತಿಯಲ್ಲಿ ಸರ್ಕಾರಕ್ಕೆ ಒಂದು ಊರಿಗೆ ಒಂದು ಹೆಸರು ಗೊತ್ತಿದ್ದರೆ ಸಾಕು. ರಯತವಾರಿಯಲ್ಲಿ ಒಂದೊಂದು ಹೊಲವೂ, ಒಬ್ಬೊಬ್ಬ ರೈತನೂ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಸಿಗಬೇಕು. ಸಾವಿರಗಟ್ಟಲೆ ಸಾಲು ಬಂದ ಮೇಲೆ ಹುಡುಕೋದೇ ಒಂದು ಕೆಲಸವಾಯ್ತು.

ಆ ಕೆಲಸಕ್ಕೆ ಮುಂದಿನ ಕಾಲದ ಸರ್ವೆಯವರು ಕಂಡುಕೊಂಡ ಉಪಾಯ ನಂಬರು. ಹುಣಸೇಮರ ಬಿದ್ದುಹೋಗಬಹುದು, ಬಾವಿ ಮುಚ್ಚಿಹೋಗಬಹುದು, ಸರ್ವೆ ನಂಬರು ಹಾಗೇ ಇರುತ್ತೆ. ಇವತ್ತಿಗೂ ನಮ್ಮ ರಾಜ್ಯದ ಊರ ಲೆಕ್ಕದಲ್ಲಿ ಎ ರಿಜಿಸ್ಟರ್ ಅನ್ನೋದು ಸರ್ವೆ ನಂಬರಿನ ಕ್ರಮದಲ್ಲಿ ಇರುತ್ತೆ. ಅಡಂಗಲ್ ಕೂಡ ಅದೇ ಕ್ರಮ, ಯಾವ ನಂಬರಿನಲ್ಲಿ ಈ ಸಲ ಯಾವ ಬೆಳೆ ಅಂತ. ಚಿಟ್ಟಾ ಮಾತ್ರ ಬೇರೆ. ಅದು ಪಟ್ಟಾದಾರನ ಲೆಕ್ಕ, ಒಬ್ಬನ ಪಟ್ಟಾ ನಂಬರಿನ ಕೆಳಗೆ ಅವನಿಗೆ ಸೇರಿದ ಹೊಲಗಳೆಲ್ಲ. ‘ಈ ಹೊಲ ಯಾರದು?’ ಅಂತ ಕೇಳಿದರೆ ಎ ರಿಜಿಸ್ಟರ್ ತೆಗೀಬೇಕು. ‘ಇವನಿಗೆ ಎಷ್ಟು ಹೊಲ ಇದೆ?’ ಅಂತ ಕೇಳಿದರೆ ಚಿಟ್ಟಾ ತೆಗೀಬೇಕು. ಭೂಮಿ ಅದೇ, ಸೂಚಿ ಎರಡು.

ಎರಡೇ ಯಾಕೆ, ಶ್ಯಾನುಭೋಗನ ತಲೆಯ ಹಾಗೆ ಹತ್ತು ಯಾಕಿಲ್ಲ ಅಂತ ಕೇಳಬಹುದು. ಕಾಗದದ ಪುಸ್ತಕವನ್ನು ಒಂದು ಕ್ರಮದಲ್ಲಿ ಮಾತ್ರ ಜೋಡಿಸಬಹುದು. ಇನ್ನೊಂದು ಕ್ರಮ ಬೇಕಾದರೆ ಇನ್ನೊಂದು ಪುಸ್ತಕ ಬರೀಬೇಕು. ಬರೆದ ಮೇಲೆ ಒಂದು ಹೊಲ ಮಾರಾಟವಾದರೆ ಎಲ್ಲ ಪುಸ್ತಕದಲ್ಲೂ ತಿದ್ದಬೇಕು. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಬಿಟ್ಟರೆ ಎರಡು ಪುಸ್ತಕ ಎರಡು ಮಾತು ಹೇಳ್ತವೆ, ಅಣ್ಣತಮ್ಮಂದಿರು ಕೋರ್ಟಿಗೆ ಹೋಗ್ತಾರೆ. ಸೂಚಿ ಹೆಚ್ಚಾದಷ್ಟೂ ಹುಡುಕೋದು ಸುಲಭ, ತಿದ್ದೋದು ಕಷ್ಟ. ಈ ನಿಯಮ ಕಾಗದಕ್ಕೂ ಸರಿ, ಕಂಪ್ಯೂಟರಿಗೂ ಸರಿ.

ಹೀಗೆ ನಂಬರಿನ ಪುಸ್ತಕ ಒಂದು ಕಡೆ, ಶ್ಯಾನುಭೋಗನ ನೆನಪು ಇನ್ನೊಂದು ಕಡೆ, ಎರಡೂ ಸೇರಿ ನೂರು ವರ್ಷದ ಮೇಲೆ ನಡೆಯಿತು. 1980ರ ನವೆಂಬರಿನಲ್ಲಿ ಎಂ.ಜಿ.ಆರ್. ಸರ್ಕಾರ ಒಂದು ಸುಗ್ರೀವಾಜ್ಞೆ ತಂದು ಮಣಿಯಗಾರ, ಕರ್ಣಂ ಮುಂತಾದ ಊರ ಹುದ್ದೆಗಳನ್ನು ರದ್ದು ಮಾಡಿತು. ರಾಜ್ಯದಾದ್ಯಂತ ಸುಮಾರು 23,000 ಹುದ್ದೆ ಹೋದವು. ಅವರ ಜಾಗಕ್ಕೆ ಸಂಬಳದ ವಿ.ಎ.ಒ.ಗಳು ಬಂದರು. ವಂಶದಿಂದ ವಂಶಕ್ಕೆ ಬರುವ ಹಿಡಿತ ಹೋಗಬೇಕಿತ್ತು, ಹೋಯಿತು, ಒಳ್ಳೇದೇ ಆಯಿತು. ಆದರೆ ಪುಸ್ತಕ ಕೈ ಬದಲಾದ ಹಾಗೆ ನೆನಪು ಕೈ ಬದಲಾಗಲಿಲ್ಲ. ಹುಣಸೇಮರದ ಹೊಲ ಅಂದರೆ ಯಾವ ಸರ್ವೆ ನಂಬರು ಅನ್ನೋದು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಅದು ಹೋದವನ ಜೊತೆ ಮನೆಗೆ ಹೋಯಿತು.

ಸರಿಸುಮಾರು ಅದೇ ಹೊತ್ತಿಗೆ, 1979ರಿಂದ 1987ರವರೆಗೆ, ಪಟ್ಟಾಗಳನ್ನು ಈಗಿರುವವರ ಹೆಸರಿಗೆ ಸರಿಪಡಿಸೋ ಕೆಲಸ ರಾಜ್ಯದಲ್ಲಿ ನಡೆಯಿತು. ಜನ ಇವತ್ತಿಗೂ ಅದನ್ನು ಯುಡಿಆರ್ ಅಂತಾರೆ. ಈಗ ನಾವು ಕಂಪ್ಯೂಟರಿನಲ್ಲಿ ನೋಡುವ ಎಷ್ಟೋ ಹೆಸರುಗಳು ಆಗ ಬರೆದ ಹೆಸರುಗಳೇ. ಪಕ್ಕದ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದು, 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 15 ರೂಪಾಯಿ ಕೊಟ್ಟು ತಾಲೂಕಿನ ಕಿಟಕಿಯಲ್ಲಿ ಪಹಣಿ ತಗೊಳ್ಳಬಹುದು ಅಂತಾಯ್ತು. ನಮ್ಮ ಕಡೆಯೂ ಪಟ್ಟಾ, ಚಿಟ್ಟಾ ಕಂಪ್ಯೂಟರಿಗೆ ಬಂದವು.

ಹಾಗಾದರೆ ಕಂಪ್ಯೂಟರ್ ಹೇಗೆ ಹುಡುಕುತ್ತೆ? ಇದನ್ನು ಮೇಷ್ಟ್ರುಗಳು ಕ್ಲಾಸಿನಲ್ಲೇ ತೋರಿಸಬಹುದು. ಸಾವಿರ ಚೀಟಿಯಲ್ಲಿ ಸಾವಿರ ಪಟ್ಟಾ ನಂಬರು ಬರೆದು ರಾಶಿ ಹಾಕಿ. ಒಂದು ನಂಬರು ಹುಡುಕೋಕೆ ಸರಾಸರಿ ಐನೂರು ಚೀಟಿ ನೋಡಬೇಕು. ಅದೇ ಚೀಟಿಗಳನ್ನು ಕ್ರಮವಾಗಿ ಜೋಡಿಸಿ, ನಟ್ಟನಡುವಿನ ಚೀಟಿ ತೆಗೆದು ‘ಇದಕ್ಕಿಂತ ಮುಂದೋ ಹಿಂದೋ’ ಅಂತ ಕೇಳಿ, ಬೇಡದ ಅರ್ಧ ಬಿಡಿ. ಮತ್ತೆ ನಡುವಿನದು ತೆಗೀರಿ. ಹತ್ತೇ ಸಲಕ್ಕೆ ಸಿಕ್ಕಿಬಿಡುತ್ತೆ. ಹತ್ತು ಲಕ್ಷ ಚೀಟಿ ಇದ್ದರೂ ಇಪ್ಪತ್ತು ಸಲ ಸಾಕು. ಲೆಕ್ಕ ಇಷ್ಟೇ, ಆದರೆ ದಿನವೂ ಹೊಸ ಚೀಟಿ ಬಂದು ಸೇರುವಾಗ ಕ್ರಮ ಕೆಡದ ಹಾಗೆ ನೋಡಿಕೊಳ್ಳೋದೇ ಕಷ್ಟದ್ದು. ಅದಕ್ಕೆ ಮರದ ಕೊಂಬೆಗಳ ಹಾಗೆ ಕವಲೊಡೆಯುವ ಜೋಡಣೆ ಮಾಡಿದರು. 1962ರಲ್ಲಿ ರಷ್ಯಾದ ಇಬ್ಬರು ಗಣಿತಜ್ಞರು, ಅಡೆಲ್ಸನ್-ವೆಲ್‌ಸ್ಕಿ ಮತ್ತು ಲಾಂಡಿಸ್, ಎಡಬಲ ತೂಕ ತಪ್ಪದ ಮರವನ್ನು ತೋರಿಸಿಕೊಟ್ಟರು. 1972ರಲ್ಲಿ ಬೇಯರ್ ಮತ್ತು ಮೆಕ್‌ಕ್ರೈಟ್ ಅನ್ನೋವರು ಡಿಸ್ಕಿಗೆ ಒಗ್ಗುವ ಬಿ-ಟ್ರೀ ಅನ್ನೋ ಮರವನ್ನು ಪ್ರಕಟಿಸಿದರು. ಇವತ್ತಿಗೂ ದೊಡ್ಡ ದೊಡ್ಡ ಡೇಟಾಬೇಸುಗಳು ಅದರ ನೆರಳಲ್ಲೇ ಇವೆ.

ಇನ್ನೊಂದು ದಾರಿ ಗೂಡುಗಳ ದಾರಿ. ಹತ್ತು ಗೂಡಿನ ಒಂದು ಕಪಾಟು ಇದೆ ಅಂದುಕೊಳ್ಳಿ. ಪಟ್ಟಾ ನಂಬರಿನ ಕೊನೇ ಅಂಕಿ 7 ಆದರೆ ಏಳನೇ ಗೂಡಿಗೆ ಹಾಕೋದು. ಹುಡುಕುವಾಗಲೂ ನೇರ ಏಳನೇ ಗೂಡಿಗೇ ಕೈ. ನಂಬರು ನೋಡಿ ಗೂಡು ಲೆಕ್ಕ ಹಾಕುವ ಈ ವಿಧಾನಕ್ಕೆ ಹ್ಯಾಶ್ ಅಂತಾರೆ. 1953ರಲ್ಲಿ ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ಇದನ್ನು ಬರೆದಿಟ್ಟ. ಮರಕ್ಕಿಂತ ಬೇಗ, ಆದರೆ ಇದಕ್ಕೊಂದು ಕೊರತೆ ಇದೆ. ‘100ರಿಂದ 120ರವರೆಗಿನ ಸರ್ವೆ ನಂಬರೆಲ್ಲ ಕೊಡು’ ಅಂದರೆ ಗೂಡಿಗೆ ಗೊತ್ತಾಗಲ್ಲ, 100 ಒಂದು ಗೂಡಿನಲ್ಲಿ, 101 ಇನ್ನೊಂದು ಗೂಡಿನಲ್ಲಿ ಚದುರಿರುತ್ತೆ. ಮರದಲ್ಲಿ ಅವು ಅಕ್ಕಪಕ್ಕದಲ್ಲೇ ಇರ್ತವೆ. ಎಂಥ ಪ್ರಶ್ನೆ ಕೇಳ್ತೀವಿ ಅನ್ನೋದರ ಮೇಲೆ ಸೂಚಿ ಆರಿಸಬೇಕು.

ಈಗ ನೆನಪಿನ ಮಾತಿಗೆ ಮತ್ತೆ ಬರೋಣ. ಕಂಪ್ಯೂಟರಿನಲ್ಲೂ ಎರಡು ಜಾಗ ಇವೆ. ಡಿಸ್ಕ್ ಅನ್ನೋದು ಕಪಾಟಿನ ರಿಜಿಸ್ಟರ್ ಇದ್ದ ಹಾಗೆ, ಕರೆಂಟು ಹೋದರೂ ಬರೆದದ್ದು ಇರುತ್ತೆ. ಮೆಮೊರಿ ಅನ್ನೋದು ತಲೆ ಇದ್ದ ಹಾಗೆ. ತಿರುಗುವ ಡಿಸ್ಕಿನಿಂದ ಒಂದು ಸಾಲು ತೆಗೆಯೋಕೆ ಸುಮಾರು ಒಂದು ಸೆಕೆಂಡಿನ ನೂರನೇ ಒಂದು ಪಾಲು ಹಿಡಿಯುತ್ತೆ. ಮೆಮೊರಿಯಿಂದ ತೆಗೆಯೋದು ಅದಕ್ಕಿಂತ ಹೆಚ್ಚುಕಮ್ಮಿ ಲಕ್ಷ ಪಾಲು ಬೇಗ. ಮೆಮೊರಿಯಿಂದ ತೆಗೆಯೋಕೆ ಒಂದು ಸೆಕೆಂಡು ಅಂತ ಇಟ್ಟುಕೊಂಡರೆ ಡಿಸ್ಕಿನಿಂದ ತರೋಕೆ ಒಂದು ಹಗಲು, ಒಂದು ರಾತ್ರಿ, ಇನ್ನೂ ಮೂರು ಗಂಟೆಯ ಮೇಲೆ ಬೇಕು. ಮೆಮೊರಿಗೆ ಬೆಲೆ ಜಾಸ್ತಿ ಇದ್ದ ಕಾಲದಲ್ಲಿ ಎಲ್ಲವನ್ನೂ ಅಲ್ಲಿಡೋಕೆ ಆಗ್ತಿರಲಿಲ್ಲ. ಬೆಲೆ ಇಳಿಯುತ್ತಾ ಬಂದ ಹಾಗೆ, ಡೇಟಾಬೇಸನ್ನು ಪೂರಾ ಮೆಮೊರಿಯಲ್ಲೇ ಇಟ್ಟರೆ ಹೇಗೆ ಅಂತ ಯೋಚನೆ ಮಾಡಿದರು. 1986ರಲ್ಲೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲೇಮನ್ ಮತ್ತು ಕ್ಯಾರಿ ಅನ್ನೋವರು ಮೆಮೊರಿಗೆಂದೇ ಒಗ್ಗುವ ಟಿ-ಟ್ರೀ ಅನ್ನೋ ಮರವನ್ನು ಮಾಡಿದರು. 2009ರಲ್ಲಿ ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ರೆಡಿಸ್ ಅನ್ನೋ ಡೇಟಾಬೇಸ್ ಹೊರತಂದ. ಅದರಲ್ಲಿ ಗೂಡುಗಳೂ ಇವೆ, ಕ್ರಮವಾದ ಸಾಲೂ ಇದೆ. ನಮ್ಮ ಕಡೆಯ ಹುಡುಗರು ಬೆಂಗಳೂರಿನ ಕಂಪನಿಗಳಲ್ಲಿ ದಿನವೂ ಮುಟ್ಟುವ ಸಾಮಾನು ಇವು.

ಮೆಮೊರಿಗೆ ಶ್ಯಾನುಭೋಗನ ತಲೆಯ ಗುಣವೇ ಇದೆ. ವೇಗ ಇದೆ, ಬೇಕಾದಷ್ಟು ಬಾಗಿಲು ಇಡಬಹುದು, ಆದರೆ ಕರೆಂಟು ಹೋದರೆ ಎಲ್ಲ ಮಾಯ. ಆದ್ದರಿಂದ ಅದನ್ನು ಮಾಡಿದವರು ಎರಡು ಭದ್ರತೆ ಇಟ್ಟರು. ಒಂದು, ಆದ ಬದಲಾವಣೆಯನ್ನೆಲ್ಲ ಒಂದರ ಕೆಳಗೊಂದು ಡಿಸ್ಕಿನಲ್ಲಿ ಬರೆಯುತ್ತಾ ಹೋಗೋದು, ಅಂಗಡಿಯವರ ದಿನವಹಿ ಹಾಗೆ. ಇನ್ನೊಂದು, ಆಗಾಗ ಇಡೀ ಲೆಕ್ಕದ ಒಂದು ಪಡಿಯಚ್ಚು ತೆಗೆದಿಡೋದು. ವರ್ಷಕ್ಕೊಮ್ಮೆ ತಾಲೂಕಿನಲ್ಲಿ ನಡೆಯುವ ಜಮಾಬಂದಿ ನೋಡಿದವರಿಗೆ ಇದು ಹೊಸದಲ್ಲ. ಊರ ಲೆಕ್ಕವೆಲ್ಲ ತಂದು ಅಧಿಕಾರಿಯ ಮುಂದೆ ಹರಡಿ, ಇಲ್ಲಿಗೆ ಸರಿಯಿದೆ ಅಂತ ರುಜು ಹಾಕಿಸೋದು. ಮುಂದೆ ಏನೇ ಗೊಂದಲ ಬಂದರೂ ಅಲ್ಲಿಂದ ಹಿಡಿದು ದಿನವಹಿ ಓದಿಕೊಂಡು ಬಂದರಾಯ್ತು. 1980ರಲ್ಲಿ ನಮ್ಮ ಊರುಗಳಲ್ಲಿ ಪುಸ್ತಕಕ್ಕೆ ಜಮಾಬಂದಿ ಇತ್ತು, ನೆನಪಿಗೆ ಇರಲಿಲ್ಲ. ಕಳೆದದ್ದು ಹಾಗೆ.

ಇಷ್ಟೆಲ್ಲ ವೇಗ ಬಂದ ಮೇಲೂ ನಮ್ಮಂಥ ಕನ್ನಡದ ಮನೆಗಳಿಗೆ ಒಂದು ತೊಡಕು ಉಳಿದೇ ಇದೆ. ಅದು ಅಕ್ಷರದ್ದು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ತ, ದ ಎರಡಕ್ಕೂ ಒಂದೇ. ಬಸಪ್ಪ ಅಂತ ಬರೆದರೂ ಪಸಪ್ಪ ಅಂತ ಓದಬಹುದು. ಗೌಡ ಅನ್ನೋದನ್ನು ಒಬ್ಬರು ‘ಕೌಡ’ ಅಂತ ಬರೀತಾರೆ, ಇನ್ನೊಬ್ಬರು ‘ಕವುಡ’ ಅಂತ ಬರೀತಾರೆ. ತಮಿಳಿನಿಂದ ಇಂಗ್ಲಿಷಿಗೆ ಹೋಗುವಾಗ ಅದೇ ಬಸಪ್ಪ ಒಂದು ಕಡೆ ಬಕಾರದಲ್ಲಿ, ಇನ್ನೊಂದು ಕಡೆ ಪಕಾರದಲ್ಲಿ ಕೂರ್ತಾನೆ. ಓದುವ ಮನುಷ್ಯನಿಗೆ ಇಬ್ಬರೂ ಒಬ್ಬನೇ ಅಂತ ಗೊತ್ತಾಗುತ್ತೆ. ಸೂಚಿಗೆ ಗೊತ್ತಾಗಲ್ಲ. ಅದಕ್ಕೆ ಒಂದು ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ.

ನಮ್ಮ ಮನೆಯಲ್ಲೇ ಆದದ್ದು ಹೇಳ್ತೀನಿ. ತಾತನ ಕಾಲದ ಒಂದು ತುಂಡು ಹೊಲದ ಕಾಗದ ಬೇಕಾಗಿ ಒಂದು ಕಚೇರಿಗೆ ಮೂರು ಸಲ ಹೋದೆ. ಹೆಸರು ಹೇಳಿದರೆ ಪ್ರತಿ ಸಲವೂ ‘ಅಂಥ ಹೆಸರು ಇಲ್ಲ’ ಅನ್ನೋ ಉತ್ತರ. ಕೊನೆಗೆ ಮನೆಯ ಪೆಟ್ಟಿಗೆಯಲ್ಲಿ ಒಂದು ಹಳೇ ಕಂದಾಯದ ರಸೀದಿ ಸಿಕ್ಕಿತು, ಅದರಲ್ಲಿ ಸರ್ವೆ ನಂಬರು ಇತ್ತು. ನಂಬರು ಕೊಟ್ಟ ಮೇಲೆ ಒಂದೇ ನಿಮಿಷಕ್ಕೆ ಹೊಲ ಬಂತು. ತಾತ ಅಲ್ಲೇ ಇದ್ದ, ಬೇರೆ ಅಕ್ಷರದಲ್ಲಿ. ಆ ರಸೀದಿ ಗೆದ್ದಲು ತಿಂದಿದ್ದರೆ ಹೊಲ ಇದ್ದೂ ಇಲ್ಲದ ಹಾಗೆ ಆಗ್ತಿತ್ತು.

ಈ ತೊಡಕಿಗೆ ಹೊರಗೆ ಒಂದು ಔಷಧಿ ಕಂಡುಹಿಡಿದಿದ್ದಾರೆ. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಅನ್ನೋವನಿಗೆ ಒಂದು ಪೇಟೆಂಟ್ ಸಿಕ್ಕಿತು. ಹೆಸರನ್ನು ಬರೆದ ಹಾಗಲ್ಲ, ಕೇಳಿದ ಹಾಗೆ ಜೋಡಿಸೋದು ಅವನ ವಿಧಾನ. ಅದರಿಂದ ಬೆಳೆದ ಪದ್ಧತಿಗೆ ಸೌಂಡೆಕ್ಸ್ ಅಂತ ಹೆಸರು. ಒಂದೇ ಥರ ಕೇಳುವ ಅಕ್ಷರಗಳಿಗೆ ಒಂದೇ ಅಂಕಿ ಕೊಡೋದು: ಬ, ಪ ಧ್ವನಿಗಳಿಗೆ 1, ಕ, ಗ ಧ್ವನಿಗಳಿಗೆ 2, ಟ, ಡ ಧ್ವನಿಗಳಿಗೆ 3, ಹೀಗೆ. ನೋಡಿದರೆ ತಮಿಳು ಲಿಪಿ ತಾನಾಗಿಯೇ ಮಾಡುವ ಕೆಲಸವೂ ಇದೇ! ಆದರೆ ಸೌಂಡೆಕ್ಸ್ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಹಾಗೇ ಇಟ್ಟುಕೊಳ್ಳುತ್ತೆ. ನಮ್ಮ ಬಸಪ್ಪನ ತೊಡಕು ಇರೋದು ಮೊದಲ ಅಕ್ಷರದಲ್ಲೇ. ಹರೂರಿನದು ಕೂಡ. ಪರದೇಶದ ಔಷಧಿ ನಮಗೆ ಹಾಗೇ ಹಿಡಿಸಲ್ಲ, ನಮ್ಮ ಗಡಿಯ ಹೆಸರುಗಳಿಗೆ ನಮ್ಮದೇ ಕೋಷ್ಟಕ ಬೇಕು. ಕಂಪ್ಯೂಟರ್ ಓದಿದ ನಮ್ಮ ಮಕ್ಕಳು ಮಾಡಬಹುದಾದ ಕೆಲಸ ಇದು.

ಅದು ಆಗುವವರೆಗೆ ನಾವು ಕೈಯಿಂದಲೇ ಮಾಡಬಹುದಾದದ್ದು ಇದೆ. ವಾಚನಾಲಯದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡೋಣ. ಒಂದೊಂದು ಹೊಲಕ್ಕೆ ಒಂದು ಸಾಲು. ಮೊದಲ ಮನೆಯಲ್ಲಿ ಹಿರಿಯರು ಕರೆಯುವ ಹೆಸರು, ಹುಣಸೇಮರದ ಹೊಲ ಅಂತಲೋ ಮಠದ ಗದ್ದೆ ಅಂತಲೋ. ಎರಡನೇದರಲ್ಲಿ ಸರ್ವೆ ನಂಬರು, ಉಪನಂಬರು. ಮೂರನೇದರಲ್ಲಿ ಪಟ್ಟಾ ನಂಬರು. ನಾಲ್ಕನೇದರಲ್ಲಿ ಪಟ್ಟಾದಾರರ ಹೆಸರು ಕನ್ನಡದಲ್ಲಿ, ತಮಿಳಿನಲ್ಲಿ, ಇಂಗ್ಲಿಷಿನಲ್ಲಿ, ಕಾಗದದಲ್ಲಿ ಎಷ್ಟು ಥರ ಬರೆದಿದೆಯೋ ಅಷ್ಟೂ ಥರ. ಹಳೇ ಕ್ರಯಪತ್ರದಲ್ಲಿ ಜಿಲ್ಲೆ ಸೇಲಂ ಅಂತ ಇದ್ದರೆ ಅದನ್ನೂ ಬರೆಯೋಣ. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರ ಅಕ್ಟೋಬರಿನಲ್ಲಿ, ಅದಕ್ಕೆ ಹಿಂದಿನ ಕಾಗದವನ್ನು ಧರ್ಮಪುರಿ ಅಂತ ಹುಡುಕಿದರೆ ಸಿಗೋದಿಲ್ಲ. ಶಾಲೆಯ ಮಕ್ಕಳು ಅಜ್ಜಿ ತಾತಂದಿರನ್ನು ಕೇಳಿಕೊಂಡು ಬಂದು ಬರೆದರೆ ಅವರಿಗೆ ಚರಿತ್ರೆಯ ಪಾಠವೂ ಆಗುತ್ತೆ, ಲೆಕ್ಕದ ಪಾಠವೂ ಆಗುತ್ತೆ.

ಬೇಗ ಶುರು ಮಾಡಬೇಕು. ಸರ್ವೆ ನಂಬರು ಎಲ್ಲೂ ಓಡಿಹೋಗಲ್ಲ, ಅದು ಸರ್ಕಾರದ ಬಳಿ ಭದ್ರವಾಗಿದೆ. ಆದರೆ ಆ ನಂಬರಿಗೂ ನಮ್ಮ ಬಾಯಿಮಾತಿನ ಹೆಸರಿಗೂ ಗಂಟು ಹಾಕಬಲ್ಲವರು ಈಗ ಊರಿಗೆ ನಾಲ್ಕೈದು ಜನ ಮಾತ್ರ. ಎಲ್ಲರಿಗೂ ಎಂಬತ್ತು ದಾಟಿದೆ. ಮೊದಲು ಅವರ ಮನೆಗೆ ಹೋಗೋಣ.